ಬಲಗಿವಿಯ ಕಡೆ

ಗಿರಣಿಯ ಮೋಟಾರು ಸುಟ್ಟುಹೋದದ್ದು ಮಂಗಳವಾರ ಮಧ್ಯಾಹ್ನ. ಅದನ್ನು ಬಿಚ್ಚಿ, ಗೋಣಿತಾಟಿನಲ್ಲಿ ಸುತ್ತಿ, ಲಗೇಜ್ ಆಟೋದಲ್ಲಿ ತರೀಕೆರೆಗೆ ಕಳಿಸಿದ್ದಾಯಿತು. ರಿವೈಂಡಿಂಗ್ ಮಾಡುವ ಮೃತ್ಯುಂಜಯ ಶನಿವಾರಕ್ಕೆ ಕೊಡುತ್ತೇನೆಂದ. ಅಜ್ಜಂಪುರದ ಆ ಬೀದಿಯಲ್ಲಿ ಇಪ್ಪತ್ತಾರು ವರ್ಷಗಳಿಂದ ಹಗಲಿಡೀ ಇದ್ದ ಸದ್ದು ನಿಂತುಹೋಯಿತು.

ಬುಧವಾರ ಸಂಜೆ ಷಣ್ಮುಖಪ್ಪ ಹಿತ್ತಲಲ್ಲಿ ಕಾಲು ತೊಳೆಯುತ್ತ, ಆ ಕಡೆ ಮುಖ ಮಾಡಿಕೊಂಡೇ ಏನೋ ಕೇಳಿದ. ಒಲೆಯ ಮುಂದಿದ್ದ ಕಾಶಮ್ಮ "ಹೂಂ" ಎಂದಳು. ಎರಡು ವರ್ಷದಿಂದ, ಕೇಳಿಸದ ಮಾತಿಗೆಲ್ಲ ಅವಳದು ಅದೇ ಉತ್ತರ. ಹತ್ತರಲ್ಲಿ ಒಂಬತ್ತು ಸಲ ಅದರಿಂದ ಕೆಲಸ ನಡೆದುಹೋಗುತ್ತಿತ್ತು.

ಗಂಡ ಟವೆಲಿನಲ್ಲಿ ಮುಖ ಒರೆಸಿಕೊಂಡು ಬಂದು ಎದುರಿಗೆ ನಿಂತ. "ಹಂಗಾರೆ ನಾಳೆ ನಾಕಕ್ಕೇ ಏಳ್ಬೇಕು. ಕಡೂರಲ್ಲಿ ರೈಲು ತಪ್ತು ಅಂದ್ರೆ ಬೆಂಗ್ಳೂರು ಹೋದಂಗೆಯ."

ತಾನು ಯಾವುದಕ್ಕೆ ಒಪ್ಪಿಕೊಂಡೆ ಎಂದು ಅವಳಿಗೆ ಗೊತ್ತಾದದ್ದು ಆಗ.

"ಬೆಂಗ್ಳೂರಿಗೆ ಏನಕ್ಕೆ?"

"ಈಗ್ತಾನೆ ಹೂಂ ಅಂದ್ಯಲ್ಲೇ! ಸುಮ್ನೆ ಕಣೇ. ಮ್ಯೂಸಿಯಂ ನೋಡಾಣ, ಹೋಟ್ಲಲ್ಲಿ ಉಣ್ಣಾಣ, ಸಂಜೆ ರೈಲಿಗೆ ಬರಾಣ. ಗಿರಣಿ ಇದ್ರೆ ಆಯ್ತದಾ? ಅಮೂಲ್ಯ ಎಲ್ಲಾ ಪಟ್ಟಿ ಮಾಡಿ ಮೊಬೈಲಿಗೆ ಕಳ್ಸವ್ಳೆ."

ಅಮೂಲ್ಯ ಅವರ ಮಗಳು. ತರೀಕೆರೆಗೆ ಕೊಟ್ಟಿತ್ತು. ಪಟ್ಟಿಯಲ್ಲಿ ಎರಡು ಮ್ಯೂಸಿಯಂ, ಮೂರು ಹೋಟೆಲು ಇದ್ದವು.

ಕಾಶಮ್ಮನಿಗೆ ಭಯವಾಯಿತು. ಭಯ ಊರಿನದಲ್ಲ, ನಿಶ್ಶಬ್ದದ್ದು.

ಗಿರಣಿಯೊಳಗೆ ಅವಳ ಗುಟ್ಟು ಭದ್ರವಾಗಿತ್ತು. ಅಲ್ಲಿ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ಗಂಡ ಹೊರಗೆ ಜಗಲಿಯ ಮೇಲೆ ತಕ್ಕಡಿ ಇಟ್ಟುಕೊಂಡು ಕಾಳು ತೂಗಿ ಒಳಗೆ ಕಳಿಸಿದರೆ, ಒಳಗೆ ಕಲ್ಲಿನ ಮುಂದೆ ಅವಳು. ಹೇಳುವುದೆಲ್ಲ ಬಾಗಿಲಿನಿಂದ ಕೈಯಲ್ಲೇ. ಹೆಬ್ಬೆರಳಿಗೆ ತೋರುಬೆರಳು ಉಜ್ಜಿದರೆ ನುಣುಪು ಹಿಟ್ಟು. ಮುಷ್ಟಿ ಹಿಡಿದರೆ ತರಿ. ಅಂಗೈ ಎತ್ತಿ ತೋರಿಸಿದರೆ, ಕೈಯಲ್ಲಿ ಏನಿದ್ದರೂ ಬಿಟ್ಟು ನಿಲ್ಲಬೇಕು. ಬಂದವರ ತುಟಿ ನೋಡಿದರೆ ಉಳಿದದ್ದು ತಿಳಿಯುತ್ತಿತ್ತು.

ಕಿವಿ ಪೂರಾ ಹೋಗಿರಲಿಲ್ಲ. ದಪ್ಪ ಸದ್ದು ಕೇಳುತ್ತಿತ್ತು, ಸಣ್ಣ ಸದ್ದು ಕೇಳುತ್ತಿರಲಿಲ್ಲ. ಲಾರಿ ಬಂದರೆ ಗೊತ್ತಾಗುತ್ತಿತ್ತು, ಗುಬ್ಬಿ ಕೂಗಿದರೆ ಇಲ್ಲ. ಎಡಗಿವಿಗಿಂತ ಬಲಗಿವಿ ವಾಸಿ. ಹಾಗಾಗಿ ಕಲ್ಲಿನ ಗುಡುಗು ಅವಳಿಗೆ ಕೇಳುತ್ತಲೇ ಇತ್ತು. ಮೋಟಾರಿನ ಬೇರಿಂಗು ಸವೆದು ಕೀರಲು ಶುರುಮಾಡಿದ್ದು ಕೇಳಲಿಲ್ಲ. ಸೋಮವಾರ ರಾಗಿ ಬೀಸಿಸಲು ಬಂದಿದ್ದ ಕಲ್ಲಮ್ಮ ಮೋಟಾರಿನ ಕಡೆ ಕೈ ತೋರಿಸಿ ಮುಖ ಹಿಂಡಿದ್ದಳು. ಸೆಕೆ ಎನ್ನುತ್ತಿದ್ದಾಳೆ ಎಂದುಕೊಂಡು ಕಾಶಮ್ಮ ತಲೆಯಾಡಿಸಿದ್ದಳು. ಮರುದಿನ ಹೊಗೆ ಬಂತು. ಗಂಡ ಓಡಿಬಂದಾಗ ಅವಳ ಬಾಯಿಂದ ಬಂದದ್ದು ಒಂದೇ ಮಾತು: "ವೋಲ್ಟೇಜು."

ಸುಳ್ಳು ಹೇಳಲು ಕಾರಣವಿತ್ತು. ಹೋದ ವರ್ಷ ಶಿವನಿಯ ಕಡೆ ಗಿರಣಿ ನಡೆಸುತ್ತಿದ್ದ ಹನುಮಂತಯ್ಯನ ಕೈ ಬೆಲ್ಟಿಗೆ ಸಿಕ್ಕಿತ್ತು. ಅವನಿಗೆ ಕಿವಿ ಮಂದ. ಹಿಂದಿನಿಂದ ಜನ ಕೂಗಿದ್ದು ಕೇಳಿರಲಿಲ್ಲ. ನೋಡಿಕೊಂಡು ಬಂದ ಷಣ್ಮುಖಪ್ಪ ಆ ದಿನ ಊಟ ಮಾಡಲಿಲ್ಲ. "ಕಿವಿ ಕೇಳ್ದೋರು ಮೆಶಿನ್ ಹತ್ರ ನಿಲ್ಲಬಾರ್ದು ಕಣೇ. ಯಾರಾದ್ರೂ ಸರಿ" ಎಂದಿದ್ದ. ಅವನ ಚಿಕ್ಕಪ್ಪನ ಮಗ ಗುರುಮೂರ್ತಿ ಬೇರೆ, ಗಿರಣಿ ನನಗೆ ಬಾಡಿಗೆಗೆ ಕೊಡಿ, ಕಲ್ಲು ಕಿತ್ತು, ಕಲ್ಲಿಲ್ಲದೆ ಪುಡಿಮಾಡುವ ಪಲ್ವರೈಜರ್ ಹಾಕುತ್ತೇನೆ ಎಂದು ಬೆನ್ನು ಬಿದ್ದಿದ್ದ. ಗಂಡನಿಗೆ ಗೊತ್ತಾದ ದಿನ ಅವಳು ಕಲ್ಲಿನ ಮುಂದಿನಿಂದ ಏಳಬೇಕು. ಎದ್ದು ಎಲ್ಲಿಗೆ ಹೋಗುವುದು ಎಂದು ಅವಳು ಯೋಚಿಸಿರಲಿಲ್ಲ. ಯೋಚಿಸಲು ಹೋದರೆ ಅಲ್ಲಿ ಏನೂ ಕಾಣುತ್ತಿರಲಿಲ್ಲ.

ಆದ್ದರಿಂದ ಗುರುವಾರ ಬೆಳಗಿನ ಜಾವ ಸ್ನಾನ, ಲಿಂಗಪೂಜೆ ಮುಗಿಸಿ ಬಸ್ಸು ಹತ್ತುವಾಗಲೇ ಒಂದು ನಿಯಮ ಮಾಡಿಕೊಂಡಳು. ಇವತ್ತು ಸಂಜೆವರೆಗೆ ಗಂಡ ತನ್ನ ಬಲಗಡೆಗೇ ಇರಬೇಕು.

ಬಸ್ಸಿನಲ್ಲಿ ಎಡಗಡೆಯ ಕಿಟಕಿ ಹಿಡಿದು ಕೂತಳು. ರೈಲಿನಲ್ಲಿಯೂ ಅಷ್ಟೇ. ಕಡೂರು ಬಿಟ್ಟ ಮೇಲೆ ಬೋಗಿಯ ಸದ್ದೇ ಸದ್ದು. ಎಲ್ಲರೂ ಕಿರುಚಿ ಮಾತಾಡುತ್ತಿದ್ದರು. ಅವಳಿಗೆ ಮನೆಗಿಂತ ಹಾಯೆನಿಸಿತು. ಬಾಳೆಲೆಯಲ್ಲಿ ಕಟ್ಟಿದ್ದ ಚಿತ್ರಾನ್ನ ಬಿಚ್ಚಿದರು. ಷಣ್ಮುಖಪ್ಪ ಬಾಯಿಗೆ ಹಾಕಿಕೊಂಡು ಮುಷ್ಟಿ ಹಿಡಿದು ತೋರಿಸಿದ.

"ಅಕ್ಕಿ ತರಿಯಾ?"

"ಕಡ್ಲೆಬೀಜ. ಇನ್ನೊಂದ್ ಚೂರು ಕುಟ್ಬೇಕಿತ್ತು."

"ತಿನ್ರಿ ಸುಮ್ನೆ. ಬೆಂಗ್ಳೂರಲ್ಲಿ ನುಣ್ಣಗೆ ಸಿಗ್ತದೆ."

ಬೆಂಗಳೂರಿನಲ್ಲಿ ಇಳಿದಾಗ ಬಿಸಿಲು ಏರಿತ್ತು. ಮೊದಲು ಪಟ್ಟಿಯ ಪ್ರಕಾರ ಹೋಟೆಲಿಗೆ ಹೋಗಿ ಮಸಾಲೆ ದೋಸೆ ತಿಂದರು. ನಿಂತೇ ಕಾಯಬೇಕಿತ್ತು, ಕೂತವರು ಏಳುವವರೆಗೆ. ಅವರ ಹಿಂದೆ ನಿಂತು ದಿಟ್ಟಿಸುವುದಕ್ಕೆ ಕಾಶಮ್ಮನಿಗೆ ನಾಚಿಕೆಯಾಯಿತು. ಷಣ್ಮುಖಪ್ಪನಿಗೆ ಆಗಲಿಲ್ಲ. "ಗಿರಣಿ ಮುಂದೆ ನಮ್ಮೂರ್ನೋರು ನಿಲ್ಲಲ್ವಾ? ಹಂಗೇಯ" ಎಂದ.

ಫುಟ್‌ಪಾತಿನಲ್ಲಿ ಕಷ್ಟವಾಯಿತು. ವಾಹನಗಳ ಕಡೆ ತಾನಿದ್ದು ಹೆಂಡತಿಯನ್ನು ಒಳಗೆ ಬಿಡಬೇಕೆಂದು ಅವನ ಹಠ. ರಸ್ತೆ ಬಲಗಡೆ ಇರುವತನಕ ಸರಿಹೋಗುತ್ತಿತ್ತು. ದಾಟಿ ಆ ಬದಿಗೆ ಹೋದರೆ ರಸ್ತೆ ಎಡಕ್ಕೆ ಬರುತ್ತಿತ್ತು, ಅವನೂ ಎಡಕ್ಕೆ ಬರುತ್ತಿದ್ದ. ಅವಳು ಚಪ್ಪಲಿ ಸರಿಮಾಡುವ ನೆವದಲ್ಲಿ ಹಿಂದೆ ಉಳಿದು, ಮತ್ತೆ ಅವನ ಆಚೆ ಬದಿಗೆ ಸೇರಿಕೊಳ್ಳುತ್ತಿದ್ದಳು. ಮೂರನೆಯ ಸಲ ಅವನು ನಿಂತು, "ಏನೇ ಇದು, ಹೊಸ ಕರು ಓಡಾಡ್ದಂಗೆ ಓಡಾಡ್ತೀಯ?" ಎಂದ.

"ನೆರಳು ಈ ಕಡೆ ಐತೆ."

ನೆರಳು ಎರಡೂ ಕಡೆ ಇರಲಿಲ್ಲ. ಅವನು ಮೇಲೆ ನೋಡಿ, ಮುಂದೆ ನಡೆದ.

ಮೊದಲ ಮ್ಯೂಸಿಯಂ ಯಂತ್ರಗಳದ್ದು. ಷಣ್ಮುಖಪ್ಪ ಪ್ರತಿಯೊಂದು ಎಂಜಿನ್ನಿನ ಮುಂದೆಯೂ ಪರಿಚಯದವರ ಮದುವೆಗೆ ಬಂದವನಂತೆ ನಿಂತ. ಸೀಳಿ ತೋರಿಸಿದ ಎಂಜಿನ್ನಿನಲ್ಲಿ ಪಿಸ್ಟನ್ನು ಏರಿಳಿಯುವುದನ್ನು ಹೆಂಡತಿಗೆ ವಿವರಿಸಿದ. ಅವಳು ಅವನ ಬಾಯಿ ನೋಡಿಕೊಂಡು ಕೇಳಿದಳು. ಎಲ್ಲ ಚೆನ್ನಾಗಿಯೇ ನಡೆಯುತ್ತಿತ್ತು.

ಮಹಡಿಯ ಮೇಲೆ ಶಾಲೆಯ ಹುಡುಗಿಯರು ಒಂದು ಪೆಟ್ಟಿಗೆಯ ಸುತ್ತ ಮುತ್ತಿಕೊಂಡಿದ್ದರು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಗುಂಡಿ ಒತ್ತಿದರೆ ಒಂದು ಸದ್ದು ಶುರುವಾಗಿ ಸಣ್ಣಗಾಗುತ್ತ, ಸಣ್ಣಗಾಗುತ್ತ ಹೋಗುತ್ತದೆ. ಕೇಳುವುದು ನಿಂತ ಕೂಡಲೇ ಕೆಂಪು ಬಟನ್ ಒತ್ತಬೇಕು. ನಿಮ್ಮ ಕಿವಿ ಎಲ್ಲಿಯವರೆಗೆ ಎಂದು ಪರದೆಯ ಮೇಲೆ ಬರುತ್ತದೆ.

"ನೀನೊಂದ್ ಕೈ ನೋಡು" ಎಂದ ಷಣ್ಮುಖಪ್ಪ.

"ನೀವೇ ನೋಡ್ರಿ. ಮಕ್ಳಾಟ."

"ಆಂಟಿ, ಬನ್ನಿ ಆಂಟಿ" ಎಂದು ಹುಡುಗಿಯರು ದಾರಿ ಬಿಟ್ಟರು. ಬೇಡ ಎಂದರೆ ಹೆಚ್ಚಾಗುತ್ತದೆ. ಅವಳು ಹೆಡ್‌ಫೋನ್ ಹಾಕಿಕೊಂಡಳು.

ಮೊದಲು ದಪ್ಪನೆಯ ಗುಂಯ್ ಸದ್ದು ಬಂತು, ಥೇಟ್ ಕಲ್ಲಿನದು. ಅವಳಿಗೆ ಸಂತೋಷವಾಯಿತು. ಆ ಸದ್ದು ಏರಿತು, ತೆಳುವಾಯಿತು, ಸಂಜೆ ಬೆಳಕು ಹೋದಂತೆ ಇಲ್ಲವಾಯಿತು. ಇಷ್ಟು ಬೇಗ ಒತ್ತಿದರೆ ಗೊತ್ತಾಗಿಬಿಡುತ್ತದೆ ಎಂದು ಅವಳು ಒತ್ತಲಿಲ್ಲ. ತಲೆಯಾಡಿಸುತ್ತ, ಕೇಳುತ್ತಿರುವವಳ ಮುಖ ಮಾಡಿಕೊಂಡು ಕಾದಳು. ಹುಡುಗಿಯರು ಎಷ್ಟು ಹೊತ್ತಿಗೆ ಒತ್ತಿದ್ದರು ಎಂದು ಲೆಕ್ಕ ಹಿಡಿಯಲು ನೋಡಿದಳು, ಮರೆತುಹೋಗಿತ್ತು. ಇನ್ನಷ್ಟು ಕಾದಳು. ಯಂತ್ರ ತಾನಾಗಿ ನಿಂತುಬಿಟ್ಟಿತು. ಪರದೆಯ ಮೇಲೆ ಒಂದು ಬಾವಲಿಯ ಚಿತ್ರ ಮೂಡಿತು. ಅದರ ಕೆಳಗೆ ಬರೆದಿತ್ತು: ಇದು ಮನುಷ್ಯರಿಗೆ ಕೇಳಿಸುವುದಿಲ್ಲ.

ಹುಡುಗಿಯರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. "ಆಂಟೀದು ಬಾವಲಿ ಕಿವಿ!"

"ಮತ್ತೇನಂತ ತಿಳ್ಕಂಡ್ರಿ? ನಮ್ಮನೆಯೋಳಿಗೆ ಪಕ್ಕದೂರಿನ ಮಾತೆಲ್ಲ ಕೇಳ್ತದೆ" ಎಂದ ಷಣ್ಮುಖಪ್ಪ, ಅವರ ಜೊತೆ ನಗುತ್ತ.

ಅವನಿಗೆ ತಿಳಿಯಲಿಲ್ಲ ಎಂದುಕೊಂಡಳು ಕಾಶಮ್ಮ. ಹೆಡ್‌ಫೋನ್ ತೆಗೆದು ಹುಡುಗಿಯರಿಗೆ ಕೊಟ್ಟಳು.

ಮಧ್ಯಾಹ್ನ ಪಟ್ಟಿಯ ಎರಡನೆಯ ಹೋಟೆಲು. ಮುದ್ದೆ ಊಟ. ಗೋಡೆಯ ಮೂಲೆಯ ಮೇಜು ನೋಡಿ, ಎಡಗಡೆಗೆ ಗೋಡೆ ಬರುವಂತೆ ಕೂತಳು. ಮುದ್ದೆ ಬಂತು. ಅವಳು ಒಂದು ತುಂಡು ಮುರಿದು, ಬಾಯಿಗಿಡುವ ಮೊದಲು ಬೆರಳ ತುದಿಯಲ್ಲಿ ಹಿಚುಕಿದಳು.

"ಪಲ್ವರೈಜರ್ ಹಿಟ್ಟು. ಬಿಸಿ ಏರೈತೆ. ರಾಗಿ ತೊಳ್ದು ಸರಿಯಾಗಿ ಒಣಗ್ಸಿಲ್ಲ."

"ಬಾಯಿಗೇ ಇಟ್ಟಿಲ್ವಲ್ಲೇ."

"ಬಾಯಿ ಏನಕ್ಕೆ? ಬೆರಳು ಹೇಳ್ತದೆ."

ಬಡಿಸುವವನು ಪಕ್ಕದಲ್ಲೇ ನಿಂತಿದ್ದ. "ಅಮ್ಮಾ, ಮಾಲೀಕರು ಕೇಳಿಸ್ಕಂಡ್ರೆ ನನ್ನ ಕೆಲ್ಸ ಹೋಯ್ತದೆ" ಎಂದು ಸಾರು ಜಾಸ್ತಿ ಹಾಕಿದ. ಷಣ್ಮುಖಪ್ಪ ನಗಲಿಲ್ಲ. ಹೆಂಡತಿಯ ಬೆರಳುಗಳನ್ನೇ ನೋಡುತ್ತ ಕೂತ.

ಎರಡನೆಯ ಮ್ಯೂಸಿಯಂ ಹಳೆಯ ಕಲ್ಲುಗಳದ್ದು. ಎತ್ತರದ ಕೋಣೆಗಳು, ತಣ್ಣನೆಯ ನೆಲ. ಜನ ಬರಿಗಾಲಲ್ಲಿ ನಡೆದಂತೆ ಮೆಲ್ಲಗೆ ನಡೆಯುತ್ತಿದ್ದರು. ಷಣ್ಮುಖಪ್ಪ ವೀರಗಲ್ಲುಗಳ ಮುಂದೆ ನಿಂತು ಕತ್ತಿ, ಕುದುರೆ ಎಣಿಸುತ್ತಿದ್ದ. ಅವಳು ಮುಂದೆ ನಡೆದಳು. ಮೂರನೆಯ ಕೋಣೆಯ ಮೂಲೆಯಲ್ಲಿ, ಗಾಜಿಲ್ಲದ ಕಟ್ಟೆಯ ಮೇಲೆ, ಒಂದು ಬೀಸುವ ಕಲ್ಲು ಇತ್ತು. ಯಾವುದೋ ಹಾಳೂರನ್ನು ಅಗೆದಾಗ ಸಿಕ್ಕಿದ್ದು. ಮೇಲ್ಗಲ್ಲನ್ನು ಪಕ್ಕಕ್ಕೆ ಇಟ್ಟು ಕೆಳಗಲ್ಲು ಕಾಣುವಂತೆ ಮಾಡಿದ್ದರು.

ಕಾಶಮ್ಮ ಬಗ್ಗಿ ನೋಡಿದಳು. ಕಲ್ಲಿನ ಹಲ್ಲುಗಳು ಇನ್ನೂ ಅಲ್ಲಲ್ಲಿ ಉಳಿದಿದ್ದವು. ಅವಳು ಬೆರಳಿಟ್ಟಳು. ನಡುವಿನಿಂದ ಅಂಚಿಗೆ, ಅಂಚಿನಿಂದ ನಡುವಿಗೆ. ಕಲ್ಲು ಒಂದೇ ಮಗ್ಗುಲಿಗೆ ಸವೆದಿತ್ತು. ಎದುರುಬದುರು ಇಬ್ಬರು ಕೂತು ಬೀಸಿದ ಕಲ್ಲು ಹಾಗೆ ಸವೆಯುವುದಿಲ್ಲ. ಯಾರೋ ಒಬ್ಬಳೇ ಬೀಸಿದ್ದಾಳೆ, ಬಹಳ ವರ್ಷ. ಬೆರಳು ಆ ತಗ್ಗಿನಲ್ಲೇ ನಿಂತಿತು.

ಬಾಗಿಲ ಕಡೆ ಏನೋ ಅಲುಗಿದ್ದು ಕಣ್ಣಂಚಿಗೆ ಬಿತ್ತು. ತಿರುಗಿ ನೋಡಿದಳು. ಆ ತುದಿಯಲ್ಲಿ ಷಣ್ಮುಖಪ್ಪ ಅಂಗೈ ಎತ್ತಿ ನಿಂತಿದ್ದ.

ಅವಳ ಕೈ ತಾನಾಗಿ ಹಿಂದೆ ಬಂತು. ಇಪ್ಪತ್ತಾರು ವರ್ಷದ ಅಭ್ಯಾಸ. ಆಮೇಲೆ ನೋಡಿದರೆ ಎಡಗಡೆ, ಎರಡೇ ಮಾರು ದೂರದಲ್ಲಿ, ಕಾವಲಿನ ಹೆಂಗಸು. ಮುಖ ಕೆಂಪಾಗಿತ್ತು. ಎಷ್ಟೋ ಹೊತ್ತಿನಿಂದ ಕೂಗುತ್ತಿದ್ದವಳ ಮುಖ ಅದು. ಅವಳು ಷಣ್ಮುಖಪ್ಪನ ಕಡೆ ಹೋಗಿ ಏನೋ ಕೇಳಿದಳು.

ದೂರವಿತ್ತು. ಆದರೆ ಬೆಳಕು ಅವನ ಮುಖದ ಮೇಲೆಯೇ ಬೀಳುತ್ತಿತ್ತು. ಗಂಡನ ತುಟಿಗಳು ಹೇಳಿದ್ದನ್ನು ಕಾಶಮ್ಮ ಪೂರಾ ಓದಿದಳು.

"ಅವಳಿಗೆ ಕಿವಿ ಕೇಳಾಕಿಲ್ಲ ಕಣಮ್ಮ. ಬೇಜಾರ್ ಮಾಡ್ಕಬೇಡ."

ಹೇಳಿದ ರೀತಿಯಲ್ಲಿ ಯಾವ ಹೊಸತೂ ಇರಲಿಲ್ಲ. ಹೆಂಡತಿಯ ಊರು ಯಾವುದು ಎಂದು ಕೇಳಿದರೆ ಹೇಳುವಂತೆ ಹೇಳಿದ್ದ. ಕಾವಲಿನ ಹೆಂಗಸಿನ ಮುಖ ಮೆತ್ತಗಾಯಿತು. ಅವಳು ಬಂದು, ಮಗುವಿಗೆ ತೋರಿಸುವ ಹಾಗೆ ಕಲ್ಲನ್ನೂ ಕೈಯನ್ನೂ ತೋರಿಸಿ, ಬೇಡ ಎಂದು ಬೆರಳಾಡಿಸಿ, ನಕ್ಕಳು. ಕಾಶಮ್ಮನೂ ನಕ್ಕಳು. ಬೇರೆ ಏನು ಮಾಡುವುದೆಂದು ತಿಳಿಯಲಿಲ್ಲ.

ಹೊರಗೆ ಮರದ ಕೆಳಗೆ ಕಲ್ಲುಬೆಂಚು ಇತ್ತು. ಅವಳು ಮೊದಲು ಕೂತಳು. ಇಡೀ ದಿನದಲ್ಲಿ ಮೊದಲ ಸಲ ಯಾವ ಬದಿ ಎಂದು ನೋಡದೆ ಕೂತಳು. ಷಣ್ಮುಖಪ್ಪ ಬಂದ. ಎಡಗಡೆ ಜಾಗ ಧಾರಾಳವಾಗಿತ್ತು. ಅವನು ಬೆಂಚನ್ನು ಸುತ್ತಿಕೊಂಡು ಹೋಗಿ, ಬಲಗಡೆಯ ತುದಿಯಲ್ಲಿ ಇಕ್ಕಟ್ಟಿನಲ್ಲಿ ಕೂತ.

"ಯಾವಾಗಿಂದ ಗೊತ್ತು?" ಎಂದಳು.

"ಯಾವ್ದು?"

"ಆಟ ಆಡ್ಬೇಡ್ರಿ. ಆ ಹೆಂಗಸಿಗೆ ನೀವು ಏನಂದ್ರಿ ಅಂತ ನೋಡ್ದೆ."

ಅವನು ಮೊಣಕಾಲು ಉಜ್ಜಿಕೊಂಡ. "ಹೋದ್ ವರ್ಷ. ಕುಕ್ಕರ್ ಹತ್ತು ಕೂಗು ಕೂಗಿ ಬೇಳೆ ಅಂಟಾಗಿತ್ತಲ್ಲ. ನೀನು ಪಕ್ಕದಲ್ಲೇ ಕೂತು ಸೊಪ್ಪು ಬಿಡಿಸ್ತಿದ್ದೆ."

"ಮೋಟಾರು?"

"ಬೇರಿಂಗು. ಮಂಗಳವಾರ ಸಂಜೇನೇ ಮೃತ್ಯುಂಜಯ ಫೋನ್ ಮಾಡಿದ್ದ. ವೋಲ್ಟೇಜ್ ಅಲ್ಲಣ್ಣ, ಎರಡು ದಿನ ಬೇರಿಂಗ್ ಬಾಯಿ ಬಡ್ಕಂಡೈತೆ, ನೀವೇನು ಮಲಗಿದ್ರಾ ಅಂದ. ನಾನು ಜಗಲೀಲಿ ಹರಟೆ ಹೊಡೀತಾ ಕೂತಿದ್ದೆ. ನನ್ದೂ ತಪ್ಪೇಯ."

"ಬೈಬೇಕಿತ್ತು."

"ನೀನಾಗೇ ಹೇಳ್ತೀಯ ಅಂತ ಕಾದೆ. ಮನೇಲಿ ಹೇಳ್ಲಿಲ್ಲ. ಹೊರ್ಗೆ ಕರ್ಕಂಡ್ ಹೋದ್ರೆ ಹೇಳ್ತೀಯೇನೋ ಅಂದ್ಕಂಡೆ. ರೈಲಲ್ಲಿ ಹೇಳ್ಲಿಲ್ಲ. ಆ ಬಾವಲಿ ಮೆಶಿನ್ ಮುಂದೆ ಆದ್ರೂ..." ಅವನಿಗೆ ನಗು ಬಂತು, ತಡೆದುಕೊಂಡ. "ಅಲ್ಲ ಕಣೇ, ಬಟನ್ ಒತ್ತೋದಲ್ವಾ?"

ಕಾಶಮ್ಮ ನಗಲಿಲ್ಲ. ಕೇಳಬೇಕಾದದ್ದು ಒಂದೇ ಉಳಿದಿತ್ತು.

"ಗುರುಮೂರ್ತಿಗೆ ಕೊಡ್ತೀರಾ?"

"ಶನಿವಾರ ಬಾ ಮಾತಾಡಾಣ ಅಂದಿದೀನಿ. ಹನುಮಂತಯ್ಯನ ಕೈ ಕಣ್ಣಿಗೆ ಕಟ್ಟಿದಂಗೈತೆ. ಒಳಗೆ ನೀನಿದ್ರೆ, ಹೊರ್ಗೆ ತೂಗ್ತಾ ತೂಗ್ತಾ ನಾನು ಬಾಗಿಲ್ನೇ ನೋಡ್ತಿರ್ತೀನಿ. ಒಂದು ವರ್ಷದಿಂದ ಹಿಂಗೇಯ."

ಅವಳು ತನ್ನ ಬಲಗೈ ಬೆರಳುಗಳನ್ನು ನೋಡಿಕೊಂಡಳು. ತುದಿಯಲ್ಲಿ ಆ ಹಳೆಯ ಕಲ್ಲಿನ ಧೂಳು ಇತ್ತು.

"ಈ ಎರಡು ವರ್ಷದಾಗೆ ಹಿಟ್ಟು ಸರಿಯಿಲ್ಲ ಅಂತ ಯಾರಾದ್ರೂ ವಾಪಸ್ ತಂದ್ರಾ?"

"ಇಲ್ಲ."

"ಒಬ್ಬರೂ?"

"ಒಬ್ಬರೂ ಇಲ್ಲ ಕಣೇ. ಆದ್ರೆ ಹಿಟ್ಟು ಬೇರೆ, ಬೆಲ್ಟು ಬೇರೆ."

"ಅದ್ಕೇ ಹೇಳಾದು. ಹಿಟ್ಟು ನನ್ದು, ಬೆಲ್ಟು ನಿಮ್ದು. ತಕ್ಕಡಿ ಎತ್ಕಂಡ್ ಬಂದು ಒಳಗಿಡ್ರಿ, ಮೋಟಾರ್ ಪಕ್ಕಕ್ಕೆ. ಮೋಟಾರ್ ಏನಂತದೆ ಅಂತ ನೀವು ಕೇಳ್ರಿ. ಕೈ ಎತ್ರಿ, ನಿಲ್ತೀನಿ. ಈಗ ನಿಲ್ಲಿಲ್ವಾ ಒಳಗೆ?"

ಅವನು ಮ್ಯೂಸಿಯಂ ಬಾಗಿಲ ಕಡೆ ನೋಡಿದ.

"ಜಗಲಿ ಬಿಟ್ಟು ಒಳಗೆ ಕೂತ್ರೆ ನಂಗೆ ಮಾತಾಡಕ್ಕೆ ಯಾರ್ ಸಿಗ್ತಾರೆ?"

"ನಾನಿಲ್ವಾ?"

"ನಿಂಗೆ ಕೇಳಾಕಿಲ್ವಲ್ಲೇ!"

ಆಗ ಇಬ್ಬರಿಗೂ ನಗು ಬಂತು. ದಾರಿಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು. ನಗು ನಿಂತ ಮೇಲೆ ಷಣ್ಮುಖಪ್ಪ ಒಂದೊಂದೇ ಬೆರಳು ಮಡಚಿದ. ಬೆಲ್ಟಿಗೆ ಜಾಲರಿ ಹಾಕಿಸಬೇಕು. ಗಿರಣಿಯಲ್ಲಿ ಸೆರಗು ಸಿಕ್ಕಿಸಿ ಮೇಲೆ ಅವನ ಹಳೆಯ ಶರ್ಟು ತೊಡಬೇಕು. ಮುಂದಿನ ವಾರವೇ ಕಡೂರಿಗೆ ಹೋಗಿ ಕಿವಿ ತೋರಿಸಬೇಕು.

"ಹೂಂ" ಎಂದಳು ಮೂರಕ್ಕೂ.

"ಕೇಳಿಸ್ಕಂಡ್ ಅಂದ ಹೂಂ ತಾನೆ?"

"ಕೇಳಿಸ್ಕಂಡೇ."

ಅವನು ಮೊಬೈಲು ತೆಗೆದು ಎದ್ದು ಸ್ವಲ್ಪ ದೂರ ಹೋದ. ಆದರೆ ಬೆನ್ನು ತೋರಿಸಲಿಲ್ಲ. ಅವಳ ಕಡೆಗೇ ಮುಖ ಮಾಡಿ, ಪ್ರತಿ ಮಾತನ್ನೂ ಬಿಡಿಸಿ ಬಿಡಿಸಿ ಆಡಿದ. "ಗುರುಮೂರ್ತಿ, ಶನಿವಾರ ಬರ್ಬೇಡ ಕಣೋ. ಇಲ್ಲಪ್ಪ, ಭಾನುವಾರಾನೂ ಬ್ಯಾಡ. ಕಲ್ಲು ಹಂಗೇ ಇರ್ಲಿ."

ಪಟ್ಟಿಯ ಮೂರನೆಯ ಹೋಟೆಲಿನಲ್ಲಿ ಖಾಲಿ ದೋಸೆ ತಿಂದು ಕಾಫಿ ಕುಡಿದರು. ಅಲ್ಲಿ ಗದ್ದಲ ಹೆಚ್ಚಿತ್ತು. ಇನ್ನೊಂದು ಬೇಕಾ ಎಂದು ಅವನು ಕೈಯಲ್ಲೇ ಕೇಳಿದ, ಸಾಕು ಎಂದು ಅವಳು ಕೈಯಲ್ಲೇ ಹೇಳಿದಳು.

ಸಂಜೆಯ ರೈಲಿನಲ್ಲಿ ಎದುರುಬದುರಾಗಿ ಕಿಟಕಿಯ ಪಕ್ಕ ಎರಡು ಸೀಟು ಸಿಕ್ಕವು. ತುಮಕೂರು ದಾಟಿತು. ತೆಂಗಿನ ತೋಟಗಳ ಮೇಲೆ ಇನ್ನೂ ಚೂರು ಬೆಳಕಿತ್ತು. ಷಣ್ಮುಖಪ್ಪ ಕಿಟಕಿಯ ಆಚೆ ನೋಡುತ್ತಲೇ ಏನೋ ಅಂದ.

ಕಾಶಮ್ಮನ ಬಾಯಿಗೆ ಹೂಂ ಬಂದಿತ್ತು. ಅದನ್ನು ಅಲ್ಲೇ ಹಿಡಿದಳು.

"ಕೇಳಿಸ್ಲಿಲ್ಲ ಕಣ್ರೀ. ಇನ್ನೊಂದ್ಸಲ ಹೇಳ್ರಿ."

ಅವನು ಇತ್ತ ತಿರುಗಿದ. ಮುಂದಕ್ಕೆ ಬಗ್ಗಿ, ಅವಳ ಬಲಗಿವಿಯ ಕಡೆಗೆ ಸರಿದ.

"ಏನಿಲ್ಲ. ಕಾಫಿಗೆ ಚಿಕೋರಿ ಜಾಸ್ತಿ ಆಗಿತ್ತು ಅಂದೆ."

ಅವಳು ಯೋಚಿಸಿದಳು. "ಇಲ್ಲ. ಸರಿಯಾಗೇ ಇತ್ತು."

ಅವನು ಒಪ್ಪಲಿಲ್ಲ. ಅರಸೀಕೆರೆ ಬರುವವರೆಗೂ ಅದೇ ಮಾತು ನಡೆಯಿತು.